ಗಂಗಿಯ ತೋರುಬೆರಳು

14 ಸೆಪ್ಟೆಂಬರ್ 1984, ಶುಕ್ರವಾರ

ಇವತ್ತು ಮತ್ತೆ ಎರಡು ಹೆರಿಗೆ ಕೇಸು ನನ್ನ ಕೋಣೆಗೇ ಬಂತು. ಬೋರ್ಡು ತೋರಿಸಿದೆ — ಎಂ.ಎಸ್., ಜನರಲ್ ಸರ್ಜರಿ. ಗೇರುಸೊಪ್ಪದಿಂದ ಮಗಳನ್ನು ಕರಕೊಂಡು ಬಂದ ಮುದುಕಿ ಬೋರ್ಡಿನ ಕಡೆ ತಿರುಗಿಯೂ ನೋಡಲಿಲ್ಲ. "ಹೆಂಗ್ಸು ಡಾಕ್ಟ್ರು ಇದ್ರಲೆ, ಇನ್ನೆಂತ ಓದೂದು?" ಅಂದಳು. ನಾನು ಹರ್ನಿಯ, ಹೈಡ್ರೋಸೀಲಿನ ಡಾಕ್ಟರು ಅಂದರೆ ಸೆರಗು ಬಾಯಿಗೆ ಹಿಡಿದು ನಗ್ತಾರೆ. ನಗಲಿ.

ಆ ಬೋರ್ಡಿನದೂ ಒಂದು ಜಗಳ. ಪೇಂಟರ್ 'ಡಾ. ದುರ್ಗಾ' ಅಂತ ಬರೆದಿಟ್ಟಿದ್ದ. ದುರ್ಗಮ್ಮ ಅಂದರೆ ಹಳೇ ಕಾಲದ ಹೆಸರಂತೆ, ಡಾಕ್ಟರಿಗೆ ಚೆಂದ ಕಾಣೂದಿಲ್ಲವಂತೆ. ಅಳಿಸಿ ಬರೆಸಿದೆ. ಮುಟ್ಟಳ್ಳಿಯ ದುರ್ಗಮ್ಮನೇ ಎಂ.ಎಸ್. ಮಾಡಿದ್ದು, ಬೇರೆ ಯಾರೂ ಅಲ್ಲ.

ಮಧ್ಯಾಹ್ನ ಬೋಟಿನಿಂದ ಒಬ್ಬ ಬಂದ. ಕಿರುಬೆರಳು ಬಲೆ ಎಳೆಯುವ ವಿಂಚಿಗೆ ಸಿಕ್ಕಿ ಜಜ್ಜಿಹೋಗಿತ್ತು. ಕೃಷ್ಣಾನಂದ ಡಾಕ್ಟರು ಹತ್ತು ನಿಮಿಷದಲ್ಲಿ ಕಡಿದು, ಮುಚ್ಚಿ, ಕಳಿಸಿಯೂ ಆತು. ಇಪ್ಪತ್ತೆಂಟು ವರ್ಷದಿಂದ ಹೊನ್ನಾವರದ ಈ ಟ್ರಸ್ಟ್ ಆಸ್ಪತ್ರೆ ಅವರ ಕೈಯಲ್ಲೇ ನಡೆದದ್ದು. ಬರೇ ಎಂ.ಬಿ.ಬಿ.ಎಸ್., ಆದರೆ ಕೈ ಚುರುಕು, ಮನಸ್ಸು ಒಳ್ಳೇದು. "ಬೆರಳು ಅಂದ್ರೆ ಅಷ್ಟೇ ಮಾರಾಯ್ತಿ," ಅಂದರು. "ಉಳಿಸ್ಲಿಕ್ಕೆ ಹೋದ್ರೆ ಮೂರು ತಿಂಗಳು ಮನೇಲಿ ಕೂರ್ತಾನೆ. ಕಡಿದ್ರೆ ಹದಿನೈದು ದಿನಕ್ಕೆ ಕಡಲಿಗೆ ಹೋಗ್ತಾನೆ."

ನಾನು ಎದುರು ಮಾತಾಡಲಿಲ್ಲ. ಮಾತಾಡಲಿಕ್ಕೆ ನನಗೆ ಗೊತ್ತಿದ್ದದ್ದಾದರೂ ಎಂತ? ಟ್ರಾಲರ್ ಬಂದ ಮೇಲೆ ಇಲ್ಲಿ ವಾರಕ್ಕೊಂದು ಕೈ ಬರ್ತದೆ. ಮೂರು ವರ್ಷ ಘಟ್ಟದ ಮೇಲೆ ಸರ್ಜರಿ ಕಲಿತೆ. ಹೊಟ್ಟೆ ಕಲಿತೆ, ಥೈರಾಯ್ಡ್ ಕಲಿತೆ. ಕೈ ಕಲಿಯಲಿಲ್ಲ. ಕೈ ಕೊಯ್ದುಕೊಂಡು ಬಂದವನನ್ನು ನಮ್ಮ ಪ್ರೊಫೆಸರ್ ಸರ್ "ಇದು ಆರ್ಥೋದವರದ್ದು" ಅನ್ನುತ್ತಿದ್ದರು. ಆರ್ಥೋದವರು "ಎಲುಬು ಸರಿ ಇದೆ, ಸರ್ಜರಿಗೆ ಹೋಗಿ" ಅಂತ ವಾಪಸ್ ಕಳಿಸ್ತಿದ್ದರು. ಅವನು ಎರಡು ವಾರ್ಡಿನ ನಡುವಿನ ಬೆಂಚಿನಲ್ಲಿ ಕೂತು ಕೂತು, ಕೊನೆಗೆ ಯಾರೋ ಒಬ್ಬರು ಮೇಲಿನ ಚರ್ಮ ಹೊಲಿದು ಮನೆಗೆ ಕಳಿಸ್ತಿದ್ದರು.

ನನಗಂತೂ ಇನ್ನೂ ಚೆಂದ. "ದುರ್ಗಾ, ರಿಟ್ರ್ಯಾಕ್ಟರ್ ನೀವು ಹಿಡೀರಿ, ನಿಮ್ಮ ಕೈ ಅಲುಗಂಗಿಲ್ಲ." ಸರ್ ಹೊಗಳಿದರು ಅಂತ ಹಿಗ್ಗಿದ್ದೆ. ದಡ್ಡಿ. ಮೂರು ವರ್ಷ ಗಂಡುಹುಡುಗರು ಕೊಯ್ದರು, ನಾನು ಗಾಯ ಅಗಲಿಸಿ ಹಿಡಿದು ನಿಂತೆ.

19 ಸೆಪ್ಟೆಂಬರ್, ಬುಧವಾರ. ಸಂಜೆ 6

ಹೆಸರು ಗಂಗಿ. ಕಾಸರಕೋಡಿನವಳು. ಮೀನುಪೇಟೆಯಲ್ಲಿ ಕೂತು ಮೀನು ಮಾರೂದು, ಕೊಯ್ದು ಕೊಡೂದು. ಮೂವತ್ತರ ಆಸುಪಾಸು. ಇಸೋಣ ಮೀನು ಕೊಯ್ಯುವಾಗ ಕೈ ಜಾರಿ ಈಳಿಗೆಗೆ ಸಿಕ್ಕಿದೆ. ಬಲಗೈ ತೋರುಬೆರಳು, ಅಂಗೈ ಕಡೆ, ಎಲುಬಿನ ತನಕ. ಬೆರಳು ಬಗ್ಗಿಸುವ ಎರಡೂ ಹುರಿ, ಟೆಂಡನ್, ತುಂಡು. ಗಂಡ ಮಾಸ್ತಿ ಸುಣ್ಣ, ಕಾಫಿಪುಡಿ ಮೆತ್ತಿ, ಬಲೆಯ ಚೂರಿನಲ್ಲಿ ಬಿಗಿದು ತಂದಿದ್ದ. ತೊಳೆಯಲಿಕ್ಕೇ ಅರ್ಧ ತಾಸು.

ಕೃಷ್ಣಾನಂದರು ಕಡಿಯುವ ಅಂದರು. ಮಾಸ್ತಿಯೂ ಆತು ಅಂದ. ಗಂಗಿ ಮಾತ್ರ — "ಇದು ಹೋದ್ರೆ ನಾ ಎಂತದ್ರಲ್ಲಿ ಮೀನು ಹಿಡ್ಕಂಡು ಕೊಯ್ಯೂದು? ಇವ್ರ ಬೆರಳಲ್ಲಿ ಕೊಯ್ಯೂದಾ?"

"ನಾನು ಜೋಡಿಸ್ತೇನೆ" ಅಂದೆ. ಬಾಯಿಂದ ಬಂದೇ ಹೋಯ್ತು.

ಗಂಗಿ ನನ್ನ ಮುಖವನ್ನೇ ನೋಡಿದಳು. "ನೀವು ಇದನ್ನ ಮುಂಚೆ ಮಾಡಿದ್ರಲಾ?"

"ಹೂಂ" ಅಂದೆ.

ನೋಡಿದ್ದು ಒಂದು, ಅದೂ ಬೇರೆಯವರ ಹೆಗಲಿನ ಮೇಲಿಂದ. ಮಾಡಿದ್ದು ಸೊನ್ನೆ. ಕಲಿಯುವಾಗ ಮಾಡಿದ ಆಪರೇಷನ್ನಿನ ಲಾಗ್ ಬುಕ್ಕಿನಲ್ಲಿ ಬರೆದದ್ದು ನಾಲ್ಕು. ಪರೀಕ್ಷೆಗೆ ಕೂರಬೇಕಾದರೆ ಖಾಲಿ ಕಾಲಮ್ಮು ಇರಬಾರದು ಅಂದಿದ್ದರು. ಎಲ್ಲರೂ ಬರೆದರು, ನಾನೂ ಬರೆದೆ. ಸರ್ ಓದದೆ ಸಹಿ ಹಾಕಿದರು.

ಬುಧವಾರವಾದ್ದರಿಂದ ಕುಮಟೆಯ ಅರಿವಳಿಕೆ ಡಾಕ್ಟರು ಇದ್ದರು. ಪುಸ್ತಕವನ್ನು ಥಿಯೇಟರಿನ ಸ್ಟೂಲಿನ ಮೇಲೆ ತೆರೆದಿಟ್ಟೆ. ಈರಮ್ಮ ಸಿಸ್ಟರ್ ಪುಟ ತಿರುಗಿಸಿದರು. ಬೆರಳಿನ ಬುಡದ ಆ ಜಾಗಕ್ಕೆ ಪುಸ್ತಕದಲ್ಲಿ 'ನೋ ಮ್ಯಾನ್ಸ್ ಲ್ಯಾಂಡ್' ಅಂತಲೇ ಹೆಸರು. ಯಾವ ಗಂಡಸೂ ಕಾಲಿಡಬಾರದ ಜಾಗವಂತೆ. ಸರಿ, ಹೆಂಗಸು ಇಡ್ತಾಳೆ ಅಂದುಕೊಂಡೆ. ಎರಡು ತಾಸು ಹತ್ತು ನಿಮಿಷ. ಇದ್ದದ್ದರಲ್ಲಿ ಸಣ್ಣ ರೇಷ್ಮೆದಾರ. ಜೋಡಿಸಿದೆ. ಮಣಿಕಟ್ಟು ಬಗ್ಗಿಸಿ ಪ್ಲಾಸ್ಟರ್ ಹಾಕಿದೆ. ಪುಸ್ತಕ ಹೇಳಿದ ಹಾಗೆ, ಮೂರು ವಾರ.

ಈರಮ್ಮ ಪುಸ್ತಕ ಮುಚ್ಚಿ ಸೆರಗಿನಲ್ಲಿ ಒರೆಸಿ ಕೊಟ್ಟರು. ಪುಣ್ಯಾತ್ಗಿತ್ತಿ.

10 ಅಕ್ಟೋಬರ್, ಬುಧವಾರ

ಪ್ಲಾಸ್ಟರ್ ತೆಗೆದೆ. ಗಾಯ ಚೆಂದ ಒಣಗಿದೆ, ಕೀವು ಇಲ್ಲ, ಬೆರಳು ಬೆಚ್ಚಗಿದೆ. ಕೃಷ್ಣಾನಂದರೂ ಬಗ್ಗಿ ನೋಡಿ "ಶಾಬಾಸ್" ಅಂದರು. ಗಂಗಿ ಎರಡು ಕೈ ಮುಗಿಯಲಿಕ್ಕೆ ಹೋದಳು, ಬಗ್ಗಿಸಿ ಕಟ್ಟಿದ್ದ ಬಲಗೈ ನೆಟ್ಟಗಾಗಲಿಲ್ಲ.

"ಇನ್ನು ಮೆಲ್ಲಗೆ ಅಲ್ಲಾಡಿಸು" ಅಂದೆ.

ಮೆಲ್ಲಗೆ ಅಂದರೆ ಎಷ್ಟು? ದಿನಕ್ಕೆ ಎಷ್ಟು ಸಲ? ನನಗೇ ಗೊತ್ತಿಲ್ಲ. ನಮ್ಮ ಯುನಿಟ್ಟಿನಲ್ಲಿ ಹೊಲಿಗೆ ಬಿಚ್ಚಿದ ದಿನ ಡಿಸ್ಚಾರ್ಜು. ಮೂರು ವರ್ಷದಲ್ಲಿ ಒಬ್ಬ ರೋಗಿಯನ್ನೂ ಮೂರು ತಿಂಗಳ ಮೇಲೆ ನೋಡಲಿಲ್ಲ. ಬದುಕಿದ್ದಾನೋ, ಕೈ ಬಗ್ಗತದೋ, ಹೊಟ್ಟೆನೋವು ಹೋಯ್ತೋ ಯಾರಿಗೂ ಗೊತ್ತಿಲ್ಲ. ಹೊಸ ರೋಗಿ ಹಾಸಿಗೆಗೆ ಕಾಯ್ತಾ ಇರ್ತಿದ್ದ.

15 ನವೆಂಬರ್, ಗುರುವಾರ

ಐದು ವಾರ ಬರೆಯಲಿಲ್ಲ. ಬರೆಯುವಂಥ ಮನಸ್ಸಿರಲಿಲ್ಲ. ಇವತ್ತು ಬರೆಯಲೇಬೇಕು.

ಗಂಗಿ ತಿರುಗಿ ತೋರಿಸಲಿಕ್ಕೆ ಬರಲಿಲ್ಲ. ಗುಣ ಆಗಿದೆ ಅಂದುಕೊಂಡೆ. ಬೆಳಿಗ್ಗೆ ಮೀನುಪೇಟೆಗೆ ಹೋದರೆ ಅಲ್ಲೇ ಕೂತಿದ್ದಾಳೆ. ಬಂಗಡೆ ಮಾತ್ರ ಮಾರ್ತಾಳೆ. ಕೊಯ್ದು ಕೊಡೂದು ಪಕ್ಕದ ಸುಬ್ಬಿ. ಬಲಗೈ ತೋರುಬೆರಳು ನೆಟ್ಟಗೆ ನಿಂತಿದೆ. ಬುಟ್ಟಿ ಎತ್ತಲಿ, ಬೆವರು ಒರೆಸಲಿ, ಅದು ಯಾರನ್ನೋ ತೋರಿಸ್ತಾನೇ ಇರ್ತದೆ. ನಾನು ಎದುರು ಹೋದಾಗ ನನ್ನನ್ನೇ ತೋರಿಸಿತು.

"ಬನ್ನಿ ಡಾಕ್ಟ್ರಮ್ಮಾ, ನೋಡಿ ನಿಮ್ಮ ಬೆರಳು. ಇದು ನಂದಲ್ಲ. ನನ್ನ ಮಾತು ಕೇಳೂದಿಲ್ಲ."

ಸುತ್ತ ಕೂತವರೆಲ್ಲ ನಕ್ಕರು. ನಾನೂ ನಗಲಿಕ್ಕೆ ಹೋದೆ, ಆಗಲಿಲ್ಲ. ಅಲ್ಲೇ ಕುಕ್ಕರಗಾಲಲ್ಲಿ ಕೂತು ಬೆರಳು ಹಿಡಿದೆ. ನಾನು ಬಗ್ಗಿಸಿದರೆ ಬಗ್ಗತದೆ. ಅವಳು ಬಗ್ಗಿಸಿದರೆ ಇಲ್ಲ, ಆದರೆ ಬುಡದಲ್ಲಿ ಟೆಂಡನ್ ಬಿಗಿಯೂದು ನನ್ನ ಬೆರಳಿಗೆ ಸಿಕ್ತದೆ. ಅಂದರೆ ಜೋಡಿಸಿದ್ದು ಬಿಟ್ಟಿಲ್ಲ. ಒಳಗೆ ಎಲ್ಲ ಒಂದಕ್ಕೊಂದು ಅಂಟಿಕೊಂಡಿದೆ.

"ಅಲ್ಲಾಡಿಸು ಅಂದಿದ್ದೆನಲ್ಲ?"

"ಎಂತಕ್ಕೆ ಅಲ್ಲಾಡಿಸೂದು? ಮೂರು ವಾರ ಅಲ್ಲಾಡಿಸಬೇಡ ಅಂದ್ರಿ, ಕೇಳ್ದೆ. ಆಮೇಲೆ ನಾನೇ ಒಂದು ತಿಂಗಳು ಬಟ್ಟೆ ಬಿಗಿದು ಇಟ್ಕಂಡೆ. ನಮ್ಮ ಅಪ್ಪ ಹತ್ತಿಬಲೆ ಹೊಲಿದ್ರೆ ಮರದ ಚಕ್ಕೆ ಕುದಿಸಿದ ರಸದಲ್ಲಿ ಅದ್ದಿ, ಒಣಗಿಸಿ, ವಾರ ಮುಟ್ಟುತಿರ್ಲಿಲ್ಲ. ಹೊಲಿದದ್ದನ್ನ ಅವಸರ ಮಾಡಿ ನೀರಿಗೆ ಹಾಕಿದ್ರೆ ಬಿಚ್ಚತದೆ ಅಲ್ದಾ?"

ಅವಳ ಲೆಕ್ಕ ಬಲೆಯ ಲೆಕ್ಕ. ನನ್ನದು? ನನ್ನ ಪುಸ್ತಕದ ಲೆಕ್ಕವೂ ಅದೇ ಆಗಿತ್ತು — ಸುಮ್ಮನಿದ್ದರೆ ಕೂಡ್ತದೆ. ಅವಳಾದರೂ ಅಪ್ಪನನ್ನು ನೋಡಿ ಕಲಿತಳು. ನಾನು ಯಾರನ್ನೂ ನೋಡಲಿಲ್ಲ.

ಸಿಟ್ಟು ಬಂದಿದೆ. ಯಾರ ಮೇಲೆ ಅಂತ ಈಗಲೇ ಬರೆಯೂದಿಲ್ಲ.

16 ನವೆಂಬರ್

ಕೃಷ್ಣಾನಂದರು ಹೇಳಿದ್ದು: "ಸೆಟೆದ ಬೆರಳು ಇಲ್ಲದ ಬೆರಳಿಗಿಂತ ಕಷ್ಟ. ಎಲ್ಲದಕ್ಕೂ ಅಡ್ಡ ಬರ್ತದೆ. ಬುಡಕ್ಕೆ ಕಡಿದು ಬಿಡುವ. ನಡುಬೆರಳಲ್ಲಿ ಹಿಡಿದು ಕೊಯ್ಯಲಿಕ್ಕೆ ಕಲೀತಾಳೆ."

"ಕಡಿಯೂದಿಲ್ಲ" ಅಂದೆ.

"ಹಟ ನಿನ್ನದು, ಬೆರಳು ಅವಳದು."

ಮಾತು ಖರೆ. ಅದಕ್ಕೇ ಉರೀತು. ಆದರೂ ಕಡಿಯೂದಿಲ್ಲ. ನನ್ನ ತಪ್ಪನ್ನು ಅವಳ ಮೈಯಿಂದ ಕತ್ತರಿಸಿ ಬಕೆಟ್ಟಿಗೆ ಹಾಕಿ ಕೈ ತೊಳೆಯೂದಿಲ್ಲ.

ಸರ್‌ಗೆ ಕಾಗದ ಬರೆದೆ. ಮೂರು ಪುಟ. ನಾನು ಕೈ ಕಲಿಯಲಿಲ್ಲ, ನನ್ನ ಜೊತೆಯವರು ಯಾರೂ ಕಲಿಯಲಿಲ್ಲ, ಈಗ ಇರುವ ಪಿ.ಜಿ.ಗಳಿಗಾದರೂ ಕಲಿಸಿ, ನನಗೂ ಎಲ್ಲಿ ಹೋಗಬೇಕು ಹೇಳಿ ಅಂತ.

2 ಡಿಸೆಂಬರ್, ಭಾನುವಾರ

ಸರ್ ಅವರ ಉತ್ತರ ನಿನ್ನೆ ಬಂತು. ಟೈಪ್ ಮಾಡಿಸಿದ ನಾಲ್ಕು ಸಾಲು. ನಮ್ಮ ವಿಭಾಗದಿಂದ ಮೊದಲ ಸಲಕ್ಕೇ ಪಾಸಾದವರು ಹೀಗೆ ಆತ್ಮವಿಶ್ವಾಸ ಕಳಕೊಳ್ಳಬಾರದಂತೆ. ಕಷ್ಟದ ಕೇಸುಗಳನ್ನು ದೊಡ್ಡ ಊರಿಗೆ ಕಳಿಸಬೇಕಂತೆ. ಕ್ಷೇಮವೆಂದು ನಂಬಿದ್ದಾರಂತೆ.

ಕ್ಷೇಮ. ಗಂಗಿಯ ಬೆರಳೂ ಕ್ಷೇಮವಾಗಿ ನಿಂತಿದೆ, ಸರ್.

4 ಡಿಸೆಂಬರ್, ಮಂಗಳವಾರ

ಹೇಳಿಬಿಟ್ಟೆ.

ಕೃಷ್ಣಾನಂದರು ಬೇಡ ಅಂದಿದ್ದರು. "ರೋಗಿಗೆ ಇಂಥದ್ದೆಲ್ಲ ಹೇಳಿದ್ರೆ ನಾಳೆ ಈ ಆಸ್ಪತ್ರೆಗೆ ನೊಣವೂ ಬರೂದಿಲ್ಲ." ಬಾರದಿದ್ದರೆ ಬೇಡ. ದಿನಾ ಪೇಟೆಯಲ್ಲಿ ಅವಳ ಮುಖ ನೋಡಲಿಕ್ಕೆ ನನ್ನಿಂದಾಗೂದಿಲ್ಲ.

ಹನ್ನೊಂದು ಗಂಟೆಗೆ ಪೇಟೆ ಖಾಲಿಯಾದ ಮೇಲೆ ಅವಳ ಪಕ್ಕ ಕೂತೆ. ಹೇಳಿದೆ — ಅವತ್ತು ನೀನು ಕೇಳಿದಾಗ ಹೂಂ ಅಂದೆನಲ್ಲ, ಅದು ಸುಳ್ಳು. ನಿನ್ನದೇ ಮೊದಲ್ನೇದು. ಹೊಲಿಗೆ ಸರಿಯಾಗಿತ್ತು, ಆಮೇಲೆ ಎಂತ ಮಾಡಬೇಕು ಅಂತ ನನಗೆ ಗೊತ್ತಿರಲಿಲ್ಲ.

ಗಂಗಿ ಬುಟ್ಟಿಯ ಮೇಲೆ ಗೋಣಿ ಮುಚ್ಚಿದಳು. ಆಮೇಲೆ ಎದ್ದಳು. "ಗೊತ್ತಿಲ್ಲ ಅಂದಿದ್ರೆ ನಾ ಬೇಡ ಅಂತಿರ್ಲಿಲ್ಲ. ಮಾಡಿ ನೋಡಿ ಅಂತಿದ್ದೆ. ಸುಳ್ಳು ಹೇಳಿ ಕೊಯ್ದ್ರಲ್ಲೇ! ನಾ ಎಂತ ಬಂಗಡೆಯಾ?"

ಬುಟ್ಟಿ ತಲೆಗೆ ಏರಿಸಿ ಹೊರಟಳು. ತಿರುಗಿ ನೋಡಲಿಲ್ಲ. ಎಡಗೈಯಲ್ಲಿ ಬುಟ್ಟಿ ಹಿಡಿದಿದ್ದಳು.

ಆಸ್ಪತ್ರೆಯ ಹಿಂದಿನ ಬಾವಿಕಟ್ಟೆಯಲ್ಲಿ ಕೂತು ಅತ್ತೆ. ಈರಮ್ಮ ನೋಡಿಯೂ ನೋಡದ ಹಾಗೆ ಹೋದರು.

23 ಡಿಸೆಂಬರ್

ಮೂರು ವಾರದಿಂದ ನನಗೆ ಮೀನಿಲ್ಲ. ಗಂಗಿ ಕೊಡೂದಿಲ್ಲ. ಅವಳ ಸಾಲಿನಲ್ಲಿ ಕೂತ ಒಬ್ಬಳೂ ಕೊಡೂದಿಲ್ಲ. ಬುಟ್ಟಿ ತುಂಬ ತಾರ್ಲೆ ಇಟ್ಟುಕೊಂಡು "ಆತು ಅಮ್ಮಾ, ಎಲ್ಲಾ ಮಾರಿ ಹೋಯ್ತು" ಅಂತಾರೆ, ನನ್ನ ಕಣ್ಣೆದುರೇ. ಹೊನ್ನಾವರದಲ್ಲಿ ಇದ್ದು ಮೀನಿಲ್ಲದೆ ಊಟ! ನುಗ್ಗೆಕಾಯಿ ತಿಂದು ತಿಂದು ಸಾಕಾಯ್ತು.

ಈರಮ್ಮ ತನ್ನ ಹೆಸರಲ್ಲಿ ಕೊಂಡು ತಂದು ಕೊಡ್ತೇನೆ ಅಂದರು. ಬೇಡ ಅಂದೆ. ಕೊಟ್ಟರೆ ಗಂಗಿಯೇ ಕೊಡಬೇಕು.

ಮದ್ರಾಸಿನಲ್ಲಿ ಬರೇ ಕೈಗಾಗಿಯೇ ಒಂದು ವಾರ್ಡು ಇದೆ ಅಂತ ಗೊತ್ತಾಯ್ತು. ಬರೆದೆ. "ಬಂದು ನಿಂತು ನೋಡಬಹುದು" ಅಂತ ಒಂದು ಸಾಲು ಬಂತು. ನಾಲ್ಕು ವಾರ ರಜೆ ಕೇಳಿದೆ. ಟ್ರಸ್ಟಿನವರು ಇಲ್ಲ ಅಂದರು, ಎಂ.ಎಸ್. ಆದವಳು ಮತ್ತೆ ವಿದ್ಯಾರ್ಥಿ ಆಗೂದು ಆಸ್ಪತ್ರೆಗೆ ಮರ್ಯಾದೆ ಅಲ್ಲವಂತೆ. ರಾಜೀನಾಮೆ ಬರೆದು ಮೇಜಿನ ಮೇಲಿಟ್ಟೆ. ಸಂಜೆ ಕೃಷ್ಣಾನಂದರು ಅದನ್ನು ಹರಿದು ಬುಟ್ಟಿಗೆ ಹಾಕಿ, "ಹೋಗಿ ಸಾಯಿ, ಫೆಬ್ರವರಿ ಮೊದಲ ವಾರಕ್ಕೆ ಬಾ" ಅಂದರು.

10 ಜನವರಿ 1985, ಗುರುವಾರ. ಮದ್ರಾಸು

ನನ್ನ ಪಕ್ಕ ನಿಂತ ಹುಡುಗರಿಗೆಲ್ಲ ನನಗಿಂತ ನಾಲ್ಕೈದು ವರ್ಷ ಕಡಿಮೆ. ನಾನು ಎಂ.ಎಸ್. ಅಂದದ್ದಕ್ಕೆ ಒಬ್ಬ ಕಣ್ಣು ಪಿಳಿಪಿಳಿ ಮಾಡಿದ. "ಮತ್ತೆ ಇಲ್ಲಿ ಯಾಕೆ?" "ಬರೂದಿಲ್ಲ, ಅದಕ್ಕೆ" ಅಂದೆ. ಇಷ್ಟು ಸುಲಭದ ಮಾತು ಹೇಳಲಿಕ್ಕೆ ನನಗೆ ನಾಲ್ಕು ತಿಂಗಳು ಹಿಡೀತು.

ಗುರುವಾರ ಇಲ್ಲಿ ಹೊಸ ರೋಗಿ ಇಲ್ಲ. ಹಳಬರ ದಿನ. ಆರು ತಿಂಗಳು, ಒಂದು ವರ್ಷ, ಮೂರು ವರ್ಷದ ಹಿಂದೆ ಆಪರೇಷನ್ ಆದವರು ಸಾಲಾಗಿ ಬಂದು ಕೈ ಚಾಚಿ ಕೂರ್ತಾರೆ. ಮುಖ್ಯಸ್ಥರು ಒಂದೊಂದು ಬೆರಳೂ ಎಷ್ಟು ಬಗ್ಗತದೆ ಅಂತ ಅಳತೆಪಟ್ಟಿ ಇಟ್ಟು ಬರೀತಾರೆ. ಕೆಟ್ಟದ್ದನ್ನೂ ಬರೀತಾರೆ, ದೊಡ್ಡ ಧ್ವನಿಯಲ್ಲಿ ಓದಿ ಹೇಳ್ತಾರೆ. ಇವತ್ತು ಅವರದೇ ಒಂದು ಕೆಟ್ಟ ಕೇಸು ಬಂತು. "ಇದು ನಾನು ಹಾಳು ಮಾಡಿದ್ದು, ಎಲ್ಲರೂ ಬಂದು ಮುಟ್ಟಿ ನೋಡಿ" ಅಂದರು.

ಮುಟ್ಟಿದೆ. ಗಂಗಿಯ ಬೆರಳಿನ ಹಾಗೇ ಇತ್ತು.

31 ಜನವರಿ. ಮದ್ರಾಸು

ಅಂಟಿಕೊಂಡ ಟೆಂಡನ್ ಬಿಡಿಸುವ ಆಪರೇಷನ್ ಹನ್ನೊಂದು ನೋಡಿದೆ. ಮೂರಕ್ಕೆ ಕೈ ಹಾಕಿಸಿದರು. ರೋಗಿಗೆ ಪೂರ್ತಿ ಎಚ್ಚರ ಇರಬೇಕು, ಕೈಗೆ ಮಾತ್ರ ಮರಗಟ್ಟುವ ಚುಚ್ಚುಮದ್ದು. ಬಿಡಿಸ್ತಾ ಬಿಡಿಸ್ತಾ "ಬಗ್ಗಿಸು" ಅನ್ನಬೇಕು. ಬಗ್ಗಿತೋ, ಸಾಕು. ಇಲ್ಲವೋ, ಇನ್ನೂ ಎಲ್ಲೋ ಅಂಟಿದೆ. ಮರುದಿನ ಬೆಳಿಗ್ಗೆಯಿಂದಲೇ ಅಲ್ಲಾಡಿಸಬೇಕು, ಅತ್ತರೂ ಬಿಡಬಾರದು. ನೂರರಲ್ಲಿ ಮೂವತ್ತು ಮತ್ತೆ ಅಂಟಿಕೊಳ್ತವೆ. ಕೆಲವು ಹರಿದೇ ಹೋಗ್ತವೆ.

17 ಫೆಬ್ರವರಿ, ಭಾನುವಾರ. ಹೊನ್ನಾವರ

ಗಂಗಿ ಬಂದಳು. ಕರೆಯಲಿಲ್ಲ, ತಾನೇ ಬಂದಳು. ಬಾಗಿಲ ಹೊರಗೇ ನಿಂತು, "ನೀವು ನನ್ನ ಬೆರಳಿಗಾಗಿ ಮದ್ರಾಸಿಗೆ ಹೋಗಿದ್ರಂತೆ, ಈರಮ್ಮ ಹೇಳ್ತು. ಹೌದಾ?"

"ನಿನ್ನ ಬೆರಳಿಗೂ ಹೌದು. ನನಗೂ ಹೌದು."

"ಮತ್ತೆ ಮಾಡ್ತ್ರಾ?"

"ನೀನು ಆತು ಅಂದ್ರೆ."

"ಈಗ ಹೇಳಿ. ಎಷ್ಟು ಮಾಡಿದ್ದೀರಿ?"

"ನೋಡಿದ್ದು ಹನ್ನೊಂದು. ಕೈ ಹಾಕಿದ್ದು ಮೂರು. ಒಬ್ಬಳೇ ಮಾಡಿದ್ದು ಒಂದೂ ಇಲ್ಲ. ಹತ್ತರಲ್ಲಿ ಮೂರು ಹಾಳಾಗ್ತದೆ. ಹರಿದರೆ ಆಮೇಲೆ ಕಡಿಯೂದೇ ಗತಿ."

ಗಂಗಿ ಒಳಗೆ ಬಂದು ಸ್ಟೂಲಿನ ಮೇಲೆ ಕೂತಳು. "ಹಾಂಗೆ ಹೇಳಿ. ಈಗ ನಂಬ್ತೆ."

ಎಚ್ಚರ ಇರಬೇಕಾಗ್ತದೆ ಅಂದೆ. ಹೆದರ್ತಾಳೆ ಅಂತ ನನಗೆ ಹೆದರಿಕೆ.

"ಮತ್ತೆಂತ! ಮೊದಲ ಸಲ ನಾ ಮಲಗಿದ್ದಕ್ಕೇ ನೀವು ಹಿಂಗೆ ಮಾಡಿದ್ದು. ಈ ಸಲ ಕಣ್ಣು ಮುಚ್ಚೂದಿಲ್ಲ."

ಮಾಸ್ತಿ ಬೇಡ ಅಂತಾನೆ. ಇದ್ದದ್ದೂ ಹೋದರೆ ಅಂತ. ಅವನದ್ದು ತಪ್ಪಿಲ್ಲ. "ನೀ ಸುಮ್ನಿರು, ಬೆರಳು ನಂದು" ಅಂದಳು ಗಂಗಿ. ಕೇಳಿ ಖುಷಿಯಾಯ್ತು. ಬೆರಳು ಮತ್ತೆ ಅವಳದ್ದಾಯ್ತು.

6 ಮಾರ್ಚ್, ಬುಧವಾರ. ಮಧ್ಯಾಹ್ನ 1.30

ಥಿಯೇಟರಿನಿಂದ ಈಗಷ್ಟೇ ಬಂದು ಬರೀತಾ ಇದ್ದೇನೆ.

ಹತ್ತು ಗಂಟೆಗೆ ಶುರು. ಮಣಿಕಟ್ಟಿನಲ್ಲಿ ಚುಚ್ಚುಮದ್ದು ಕೊಟ್ಟೆ. ರಕ್ತ ನಿಲ್ಲಿಸಲಿಕ್ಕೆ ತೋಳಿಗೆ ಬಿ.ಪಿ. ಪಟ್ಟಿ ಬಿಗಿದೆ. ಆ ಬಿಗಿತ ಎಚ್ಚರ ಇದ್ದವರು ಇಪ್ಪತ್ತೈದು ನಿಮಿಷಕ್ಕಿಂತ ಹೆಚ್ಚು ತಡೆಯೂದಿಲ್ಲ. ಈರಮ್ಮ ಗಡಿಯಾರ ನೋಡಿ ಹೇಳ್ತಾ ಇರಬೇಕು.

ತೆರೆದೆ. ಕಂಡದ್ದು ನನ್ನದೇ ರೇಷ್ಮೆದಾರ, ಅದರ ಸುತ್ತ ಬಿಳೀ ಗಂಟು, ಒಣಗಿದ ಅಂಟಿನ ಹಾಗೆ ಗಟ್ಟಿ. ಸಣ್ಣ ಬ್ಲೇಡಿನಲ್ಲಿ ಎಳೆ ಎಳೆ ಬಿಡಿಸಿದೆ. ಹತ್ತು ನಿಮಿಷ. "ಬಗ್ಗಿಸು ಗಂಗಿ." ಇಲ್ಲ. ಹದಿನೈದು. "ಬಗ್ಗಿಸು." ಒಂದು ಕೂದಲಿನಷ್ಟು ಹಂದಾಡಿತು, ನಿಂತಿತು. ಗಂಗಿ ತಲೆ ಎತ್ತಿ ತನ್ನ ಬೆರಳಿನೊಳಗೆ ನೋಡ್ತಾ ಇದ್ದಾಳೆ. "ಅಲ್ಲಿ, ಬುಡದಲ್ಲಿ ಎಂತದೋ ಎಳೀತದೆ ಡಾಕ್ಟ್ರಮ್ಮಾ. ನೀವು ತುದಿಯಲ್ಲಿ ಕೆದಕ್ತಾ ಇದ್ದೀರಿ."

ಕೃಷ್ಣಾನಂದರು ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದರು.

ಬುಡಕ್ಕೆ ಹೋದೆ. ಟೆಂಡನ್ ನುಸುಳಿ ಹೋಗುವ ಉಂಗುರದಂಥ ಪಟ್ಟಿ ಇದೆ, ಅದರ ಅಡಿಯಲ್ಲಿ ಅಂಟಿತ್ತು. ಪಟ್ಟಿ ಕಡಿದರೆ ಕೆಲಸ ಸುಲಭ, ಆದರೆ ಬೆರಳು ಕೆಟ್ಟ ಹಾಗೇ. ಕಡಿಯದೆ ಅಡಿಯಿಂದ ಬಿಡಿಸಬೇಕು. "ಇಪ್ಪತ್ತೆರಡು" ಅಂದರು ಈರಮ್ಮ. ಗಂಗಿಯ ಹಣೆಯಲ್ಲಿ ಬೆವರು, ತುಟಿ ಕಚ್ಚಿದ್ದಾಳೆ. "ಇಪ್ಪತ್ತಾರು." ತೋಳು ಸಿಡೀತದೆ ಅಂದಳು. "ಇನ್ನೊಂದು ಚೂರು ತಡಕೋ" ಅಂದೆ. "ತಡೀತೆ, ನೀವು ಮಾಡಿ!" ಅಂತ ಕಿರಿಚಿದಳು.

ಬಿಟ್ಟಿತು. ಕೈಗೆ ಗೊತ್ತಾಯ್ತು.

"ಬಗ್ಗಿಸು."

ಬಗ್ಗಿತು. ಪೂರ್ತಿ ಅಲ್ಲ, ಉಗುರು ಅಂಗೈ ಮುಟ್ಟಲಿಕ್ಕೆ ಎರಡು ಬೆರಳಗಲ ಬಾಕಿ. ಆದರೆ ಅವಳೇ ಬಗ್ಗಿಸಿದ್ದು. ಗಂಗಿ ಬಿಡಿಸಿದಳು, ಮತ್ತೆ ಬಗ್ಗಿಸಿದಳು. "ಅಯ್ಯಯ್ಯೋ" ಅಂದಳು, ಅಷ್ಟೇ. ಈರಮ್ಮ ಗಡಿಯಾರ ನೋಡೂದೇ ಮರೆತರು.

9 ಮಾರ್ಚ್

ಗಂಗಿಯ ಬೈಗುಳ ಕೇಳಿ ವಾರ್ಡಿಗೆ ವಾರ್ಡೇ ಕೂತು ನಗ್ತದೆ. ಗಂಟೆಗೆ ಹತ್ತು ಸಲ ಬಗ್ಗಿಸಬೇಕು. ಹೊಲಿಗೆ ಹಸಿ, ಬೆರಳು ಬಾತಿದೆ, ಜೀವ ಹೋಗುವಷ್ಟು ನೋವು. ಅಳ್ತಾಳೆ, ನನ್ನ ಏಳು ತಲೆಮಾರು ಬೈತಾಳೆ, ಬಗ್ಗಿಸ್ತಾಳೆ. ನಿನ್ನೆ ಮಾಸ್ತಿ ಕನಿಕರಪಟ್ಟು ಮೆಲ್ಲಗೆ ಬಟ್ಟೆ ಸುತ್ತಿ ಬಿಗೀಲಿಕ್ಕೆ ಹೋದನಂತೆ. ಮಡಕೆಯಲ್ಲಿದ್ದ ನೀರು ಅವನ ಮೇಲೆ ಎರಚಿದ್ದಾಳೆ. "ಇದು ಬಲೆ ಅಲ್ದೋ, ಬೆರಳು!"

28 ಏಪ್ರಿಲ್, ಭಾನುವಾರ

ಉಗುರು ಅಂಗೈಗೆ ಮುಟ್ಟಲಿಕ್ಕೆ ಇನ್ನು ಅರ್ಧ ಬೆರಳಗಲ. ಅಷ್ಟಕ್ಕೇ ನಿಂತಿದೆ, ಇನ್ನು ಹೋಗಲಿಕ್ಕಿಲ್ಲ. ಈಳಿಗೆಯ ಮುಂದೆ ಕೂತಿದ್ದಾಳೆ. ಇಸೋಣ ಕೊಯ್ಯೂದು ನಿಧಾನ, ಸುಬ್ಬಿ ನಾಲ್ಕು ಕೊಯ್ಯುವಾಗ ಇವಳದು ಮೂರು. ನನಗೆ ಅರ್ಧ ಕಿಲೋ ನೋಗಲಿ ಕೊಟ್ಟಳು. ಎಷ್ಟಾಯ್ತು ಅಂದೆ. ಎಲ್ಲರಿಗಿಂತ ಎಂಟಾಣೆ ಜಾಸ್ತಿ ಹೇಳಿದಳು, "ಸುಳ್ಳಿಂದು" ಅಂತ. ಕೊಟ್ಟೆ.

ಮುಂದಿನ ತಿಂಗಳು ಕುಮಟೆಯಲ್ಲಿ ಡಾಕ್ಟರುಗಳ ಸಭೆ. ಕೃಷ್ಣಾನಂದರು ನನ್ನ ಹೆಸರು ಕೊಟ್ಟಿದ್ದಾರೆ. ಮುಖ್ಯ ಅತಿಥಿ ನಮ್ಮ ಸರ್. "ಎರಡನೇ ಆಪರೇಷನ್ ಮಾತ್ರ ಹೇಳು ಮಾರಾಯ್ತಿ. ಮೊದಲ್ನೇದು ಎಂತಕ್ಕೆ?" ಅಂದರು ಕೃಷ್ಣಾನಂದರು.

19 ಮೇ, ಭಾನುವಾರ. ಕುಮಟೆಯಿಂದ ಬಂದು

ನಲವತ್ತು ಜನ ಡಾಕ್ಟರು. ಗಂಗಿ ಹೊಸ ಸೀರೆ ಉಟ್ಟು, ಅಬ್ಬಲಿಗೆ ಮುಡಿದು, ಮೊದಲ ಸಾಲಿನಲ್ಲಿ ನೆಟ್ಟಗೆ ಕೂತಿದ್ದಳು. ಮಾಸ್ತಿ ಬಾಗಿಲ ಹತ್ತಿರ.

ಎದ್ದು ನಿಂತು ಹೇಳಿದೆ — ಮೊದಲು ನಾನು ಕೆಡಿಸಿದ ಕಥೆ, ಆಮೇಲೆ ಸುಧಾರಿಸಿದ ಕಥೆ. ಎಲ್ಲ ಹೇಳಿದೆ. ಬೆಂಚಿನ ಮೇಲೆ ಕೂತ ಕೈಗಳ ಕಥೆ, ಹೊಲಿಗೆ ಬಿಚ್ಚಿದ ದಿನವೇ ಮರೆತ ರೋಗಿಗಳ ಕಥೆ. ಕೃಷ್ಣಾನಂದರು ತಲೆ ತಗ್ಗಿಸಿದರು.

ಸರ್ ಮೈಕು ತಗೊಂಡರು. ನಗುನಗುತ್ತಲೇ, "ಕುಣೀಲಾರದಾಕಿ ನೆಲ ಡೊಂಕು ಅಂದ್ಲಂತ." ಸಭೆ ಗೊಳ್ಳಂತ ನಕ್ಕಿತು.

"ನೆಲ ಡೊಂಕೇ ಇತ್ತು ಸರ್," ಅಂದೆ. "ನಂಗೂ ಕುಣೀಲಿಕ್ಕೆ ಬರ್ತಿರಲಿಲ್ಲ. ಎರಡೂ ಖರೆ."

ನಗು ನಿಂತಿತು. ಸರ್ ಮುಖ ಬಿಗಿಯಾಯ್ತು. "ಹಂಗಾದ್ರ ಮೊದಲನೇ ರಿಪೇರಿ ನಿಮಗ ಕಲಿಸಿದವ್ರು ಯಾರು?"

"ಯಾರೂ ಇಲ್ಲ ಸರ್. ಅದನ್ನೇ ಹೇಳ್ತಾ ಇದ್ದೇನೆ. ಲಾಗ್ ಬುಕ್ಕಿನಲ್ಲಿ ನಾಲ್ಕು ಮಾಡಿದ್ದೇನೆ ಅಂತ ಇದೆ. ಬರೆದದ್ದು ನಾನು. ಸಹಿ ನಿಮ್ಮದು."

ನಾನು ಕೂರಲಿಲ್ಲ. ಆಗ ಗಂಗಿ ಎದ್ದಳು. ಯಾರೂ ಕರೆಯಲಿಲ್ಲ. ಕೈ ಎತ್ತಿ ಎಲ್ಲರ ಕಡೆ ತಿರುಗಿ ಬೆರಳು ಬಗ್ಗಿಸಿದಳು, ಬಿಡಿಸಿದಳು. "ನೋಡ್ಕಣಿ. ಇನ್ನೊಬ್ರಿಗೆ ಮಾಡೂ ಮುಂಚೆ ಕೇಳ್ಕಣಿ ಇವ್ರ ಹತ್ರ" ಅಂದು ಕೂತಳು.

ಊಟದ ನಂತರ ಕೈತೊಳೆಯುವ ನಲ್ಲಿಯ ಹತ್ತಿರ ಸರ್ ಒಬ್ಬರೇ ಸಿಕ್ಕರು. ಬೈತಾರೆ ಅಂತ ಸೆಟೆದು ನಿಂತೆ. ನಲ್ಲಿ ತಿರುಗಿಸ್ತಾ, ನನ್ನ ಕಡೆ ನೋಡದೆ ಹೇಳಿದರು: "ಟೆಂಡನ್ ನನಗೂ ಬರಂಗಿಲ್ಲ, ದುರ್ಗಮ್ಮ. ನಮಗೂ ಯಾರೂ ಕಲಿಸಲಿಲ್ಲ. ಅದಕ್ಕ ಆರ್ಥೋದವರದು ಅಂತಿದ್ದೆ."

ಮೊದಲ ಸಲ ದುರ್ಗಮ್ಮ ಅಂದರು. ಪಾಪ ಅನಿಸಿತು. ಆದರೆ ಬಿಡಲಿಲ್ಲ.

"ಹೇಳಿದ್ದರೆ ನಿಮಗೆ ಎಂತ ಕಡಿಮೆ ಆಗ್ತಿತ್ತು ಸರ್? ಇಬ್ಬರೂ ಹೋಗಿ ಕಲೀಬಹುದಿತ್ತಲ್ಲ?"

ಕರವಸ್ತ್ರದಲ್ಲಿ ಒಂದೊಂದೇ ಬೆರಳು ಒರೆಸಿಕೊಂಡರು. ಬಹಳ ಹೊತ್ತು ಒರೆಸಿಕೊಂಡರು.

ಬಸ್ಸಿನಲ್ಲಿ ಗಂಗಿ, "ಅವ್ರು ನಿಮ್ಮ ಗುರುಗಳಾ? ಒಳ್ಳೇ ಮನುಷ್ಯನ ಕಣ್ಣು" ಅಂದಳು. ನನಗೆ ಮತ್ತೆ ಸಿಟ್ಟು ಬಂತು. ಒಳ್ಳೇವರಾಗಿದ್ದರೆ ಸಾಕಾಗ್ತದಾ?

21 ಮೇ, ಮಂಗಳವಾರ. ಬೆಳಿಗ್ಗೆ 11.40

ಮಂಕಿಯಿಂದ ದಾಸ ಅಂತ ಒಬ್ಬನನ್ನು ತಂದಿದ್ದಾರೆ. ಇಪ್ಪತ್ತೆರಡು ವರ್ಷ. ವಿಂಚಿನ ತಂತಿ ಎಡಗೈ ಮೂರು ಬೆರಳಿನ ಮೇಲೆ ಹಾದಿದೆ. ಕೃಷ್ಣಾನಂದರು ನೋಡಿ, ಕಡಿಯುವ ಅನ್ನಲಿಲ್ಲ. ನನ್ನ ಮುಖ ನೋಡಿದರು.

ಎರಡು ಬೆರಳು ನನ್ನಿಂದಾಗ್ತದೆ. ಮೂರನೇದರಲ್ಲಿ ನರವೂ ಹೋಗಿದೆ, ಎಲುಬೂ ಪುಡಿ. ಮದ್ರಾಸಿನಲ್ಲೂ ಅಂಥದ್ದು ನೋಡಲಿಲ್ಲ. ಈರಮ್ಮ ಥಿಯೇಟರ್ ತಯಾರು ಮಾಡ್ತಾ ಇದ್ದಾರೆ. ಅವನ ಅವ್ವಿ ವರಾಂಡದಲ್ಲಿ ಕೂತು, ಈ ಅಮ್ಮನಿಗೆ ಎಲ್ಲಾ ಬರ್ತದಂತೆ, ಹೆದರಬೇಡ ಅಂತ ಮಗನಿಗೆ ಹೇಳ್ತಾ ಇದ್ದಾಳೆ. ಇಲ್ಲಿಗೆ ಕೇಳ್ತದೆ.

ಹೋಗ್ತೇನೆ. ಕೈ ತೊಳೆಯುವ ಮುಂಚೆ ಅವನ ಹತ್ತಿರ ಕೂತು ಹೇಳಬೇಕು — ಎರಡು ಬರ್ತದೆ, ಒಂದು ನಂಗೆ ಬರೂದಿಲ್ಲ ಅಂತ. ಅವನು ಎಂತ ಹೇಳ್ತಾನೋ ಕೇಳಿ ಆಮೇಲೆ — ಈರಮ್ಮ ಕರೀತಾ ಇದ್ದಾರೆ.